ಕಡಲಿನೊಳಗೆ ನೆಟ್ಟ ಕಲ್ಲುಗಳು

ಅಕ್ಕಾ,

ಕಡಲು ಹಿಂದೆ ಸರಿದು ಮತ್ತೆ ಮೇಲೇರುತ್ತದೆಂದು ಕೆರೆ ನೋಡಿ ಬೆಳೆದ ನನಗೇನು ಗೊತ್ತು? ಬಂದರು ಕಟ್ಟಲು ದೊರೆಗಳು ದಡದ ಮೀನುಗಾರರನ್ನು ಒಕ್ಕಲೆಬ್ಬಿಸಿದರು. ಅವರಿಗೆ ಬೇರೆ ಜಾಗ ಅಳೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅಳೆಯಲು ಹೋದ ದಿನ ಬೆಳಿಗ್ಗೆ ಅಲ್ಲಿನ ಮರಳು ಒದ್ದೆಯಾಗಿತ್ತು. ರಾತ್ರಿ ಮಳೆ ಬಂದಿರಬೇಕೆಂದುಕೊಂಡು ಸರಪಳಿ ಹಿಡಿದು ಅಳೆದೆ, ಗಡಿಕಲ್ಲು ನೆಡಿಸಿದೆ.

"ಮಧ್ಯಾಹ್ನದವರೆಗೆ ಕಾದು ನೋಡಿ ಸ್ವಾಮಿ," ಅಂದಳು ಅವರಲ್ಲೊಬ್ಬ ಮುದುಕಿ.

"ನನಗೇ ಅಳತೆ ಹೇಳಿಕೊಡ್ತೀಯಾ?" ಎಂದು ಗದರಿಬಿಟ್ಟೆ.

ಆ ಕಲ್ಲುಗಳೀಗ ದಿನಕ್ಕೆರಡು ಸಲ ಮುಳುಗುತ್ತವೆ. ದೊರೆಯ ಮುಂದೆ ತಪ್ಪೊಪ್ಪಿಕೊಂಡೆ. "ನಕ್ಷೆಗೆ ಸಹಿ ಬಿದ್ದಾಯ್ತು, ಹೋಗು," ಎಂದರು.

ಉಪ್ಪುನೀರಿಗೆ ಕಾಲು ಬಿರಿದಿದೆ, ಮುಲಾಮು ಕಳಿಸು. ಕೆಲಸ ಬೇಗ ಮುಗಿಸಿದೆನೆಂದು ನನಗೆ ಬಡ್ತಿ ಕೊಟ್ಟಿದ್ದಾರೆ. ಅಮ್ಮನಿಗೆ ಆ ಒಂದು ಸಾಲು ಮಾತ್ರ ಓದಿ ಹೇಳು.

ನಿನ್ನ ತಮ್ಮ