ಮಕ್ಕಳಿಲ್ಲದ ಶನಿವಾರ, ಭಾನುವಾರ

ಜೂನ್ 12, ಮಂಗಳವಾರ

ಎಂಟು ಗಂಟೆಯ ಕ್ಲಾಸಿನಲ್ಲಿ ಮತ್ತೆ ಕೊನೆಯ ಬೆಂಚು. ಪ್ರಶ್ನೆಗೆ ಉತ್ತರ ಗೊತ್ತಿತ್ತು. ಕೈ ಎತ್ತಲಿಲ್ಲ. ಬೇರೆ ಯಾರೋ ಅದನ್ನೇ ಹೇಳಿದರು, ಮೇಷ್ಟ್ರು ಗುಡ್ ಅಂದರು, ನನಗೆ ದಿನವಿಡೀ ಹೊಟ್ಟೆ ಉರಿ. ಮೆಸ್ಸಿನಲ್ಲಿ ಗಿಥೇರಿ... ಜೋಳದ ನಡುವೆ ಅವರೆಕಾಳು ಹುಡುಕಿ ತಿನ್ನಬೇಕು.

ಸಂಜೆ ಅಮ್ಮನ ಫೋನು. ಧ್ವನಿ ಕೇಳಿದ ಕೂಡಲೇ ಗೊತ್ತಾಯಿತು, ಏನೋ ಕೆಲಸ ಇದೆ ಅಂತ.

ಇಪ್ಪತ್ತಮೂರಕ್ಕೆ ಅಪ್ಪನ ಜೊತೆ ಮೊಂಬಾಸಾಗೆ ಹೋಗುತ್ತಾಳಂತೆ. ರೈಲಿನ ಟಿಕೆಟ್ ಆಗಿದೆ. ಈ ವರ್ಷದ ಮೂರನೆಯದು. ಜನವರಿಯಲ್ಲಿ ಕಂಪಾಲಾ. ಏಪ್ರಿಲ್ ರಜೆಯಲ್ಲಿ ಕಿಗಾಲಿ—ಆಗ ತಂಗಿ ಕೆರೂಬೊಳನ್ನು ನೋಡಿಕೊಂಡವಳು ನಾನು. ಅಮ್ಮ ಇದಕ್ಕೆ ‘ಮಕ್ಕಳಿಲ್ಲದ ವೀಕೆಂಡ್’ ಅಂತ ಹೆಸರಿಟ್ಟಿದ್ದಾಳೆ. ಒಂದು ಊರು, ಎರಡು ದಿನ, ನಡೆಯುವುದು, ತಿನ್ನುವುದು, ಮತ್ತೆ ನಡೆಯುವುದು. ಚಿಪ್ಸು, ಸಾಸೇಜು ಬಿಟ್ಟು ಬೇರೇನೂ ಬೇಡ ಅನ್ನುವವರು ಜೊತೆಗಿಲ್ಲದಿದ್ದರೆ ಎಷ್ಟು ಆರಾಮ ಅಂತ ಸ್ನೇಹಿತೆಯರ ಹತ್ತಿರ ನಗುತ್ತಾಳೆ. ಆ ಚಿಪ್ಸಿನವರು ನಾವು. ನನಗೆ ಹತ್ತೊಂಬತ್ತು ಆಯಿತು, ಇನ್ನೂ ಚಿಪ್ಸಿನವಳೇ.

ಪಟ್ಟಿ ಓದಿ ಹೇಳಿದಳು. ಹಳೇ ಪೇಟೆಯ ಯಾವ ಗಲ್ಲಿಯಲ್ಲಿ ಬೆಳಗಿನ ಕರಿದ ಮಹಮ್ರಿ ಬನ್ನು, ಯಾವ ಮೂಲೆಯಲ್ಲಿ ಆಕ್ಟೋಪಸ್ ಸೂಪು, ಯಾರ ಮನೆಯ ಬಿರಿಯಾನಿ. ಆಮೇಲೆ, ಉಸಿರೇ ತೆಗೆದುಕೊಳ್ಳದೆ—ಇಪ್ಪತ್ತನಾಲ್ಕಕ್ಕೆ ಕೆರೂಬೊಳ ವಿಸಿಟಿಂಗ್ ಡೇ, ನೀನು ಹೋಗಿ ಬರುತ್ತೀಯಲ್ಲ.

ವಿಸಿಟಿಂಗ್ ಡೇ ಟರ್ಮಿಗೆ ಒಂದೇ ಸಲ. ಒಂದೇ ಭಾನುವಾರ. ಹನ್ನೊಂದರಿಂದ ನಾಲ್ಕು. ಕೆರೂಬೊಗೆ ಹತ್ತು ವರ್ಷ, ಐದನೇ ಕ್ಲಾಸು, ಮಚಾಕೋಸ್ ಗುಡ್ಡದಾಚೆಯ ಬೋರ್ಡಿಂಗ್. ನಾನು ಓದಿದ ಶಾಲೆಯೇ. ಹಿಂದಿನ ಸಲ ಅಪ್ಪ ಒಬ್ಬನೇ ಹೋಗಿ ಅರ್ಧ ಗಂಟೆ ಕೂತು ಎದ್ದು ಬಂದಿದ್ದ.

‘ಆಯ್ತು’ ಅಂದೆ.

ಯಾಕೆ ಆಯ್ತು ಅಂದೆ?

ಜೂನ್ 16, ಶನಿವಾರ

ಮೇಟ್ರನ್ ಫೋನಿನಿಂದ ಕೆರೂಬೊ. ಒಬ್ಬೊಬ್ಬರಿಗೆ ಒಂದು ನಿಮಿಷ. ಹಿಂದೆ ಸಾಲಿನಲ್ಲಿ ನಿಂತವರ ಗಲಾಟೆ.

ಬಾಳೆಕಾಯಿ ಮಟೋಕೆ ತರಬೇಕಂತೆ, ಮಾಂಸ ಹಾಕಿದ್ದು. ಚಪಾತಿ ಎಂಟು. ಸೋಡಾ ಕಿತ್ತಳೆಯದು, ಕಪ್ಪು ಬೇಡ. ಆಮೇಲೆ ಕೇಳಿದಳು: "ಅಮ್ಮ ಅಪ್ಪ ಇಬ್ರೂ ಬರ್ತಾರಲ್ವಾ ಅಕ್ಕ?"

ಇಲ್ಲ ಅನ್ನುವುದಕ್ಕೆ ಬಾಯಿ ತೆರೆದೆ. ಅವಳ ಉಸಿರು ಕೇಳುತ್ತಿತ್ತು. ಅಳುವ ಮುಂಚಿನ ಉಸಿರು, ನನಗೆ ಚೆನ್ನಾಗಿ ಗೊತ್ತು. ಹಿಂದೆ ಮೇಟ್ರನ್ ಟೈಮಾಯ್ತು ಅನ್ನುತ್ತಿದ್ದಳು.

ಹೂಂ ಅಂದೆ. ಇಬ್ರೂ ಬರ್ತಾರೆ ಅಂದೆ.

ರೂಮ್‌ಮೇಟ್ ನಂಜಾಲಾಗೆ ಹೇಳಿದರೆ ಅವಳು ಉಗುರಿಗೆ ಬಣ್ಣ ಹಚ್ಚುತ್ತ ಅಂದಳು: "ನೀನು ಎಲೆಕ್ಷನ್‌ಗೆ ನಿಲ್ಬಹುದು ಕಣೆ."

ಸೋಮವಾರ ಶಾಲೆಗೆ ಫೋನ್ ಮಾಡಿ ನಿಜ ಹೇಳಬೇಕು. ವಾಕ್ಯ ಇಲ್ಲೇ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಬಾಯಿ ಕಟ್ಟುತ್ತದೆ. ‘ಕೆರೂಬೊ, ಅಮ್ಮ ಅಪ್ಪ ಬರ್ತಿಲ್ಲ, ನಾನು ಬರ್ತೀನಿ.’ ಇಷ್ಟೇ.

ಜೂನ್ 23, ಶನಿವಾರ, ಸಂಜೆ 5

ಮಾಡಲಿಲ್ಲ. ಸೋಮವಾರವೂ ಇಲ್ಲ, ಗುರುವಾರವೂ ಇಲ್ಲ.

ಮನೆಯಲ್ಲಿದ್ದೇನೆ. ಯಾರೂ ಇಲ್ಲ. ಅವರು ಬೆಳಗಿನ ರೈಲಿಗೇ ಹೋದರು. ಸಿಂಕಿನಲ್ಲಿ ಎರಡು ಲೋಟ ಬಿಟ್ಟಿದ್ದಾರೆ. ತೊಳೆಯುವಾಗ ಒಂದನ್ನು ಒಡೆಯಬೇಕು ಅನಿಸಿತು. ಒಡೆಯಲಿಲ್ಲ, ಒರೆಸಿಟ್ಟೆ.

ಬಾಳೆಕಾಯಿ ಸುಲಿದು ಕೈಯೆಲ್ಲ ಕಪ್ಪು. ಚಪಾತಿ ಹನ್ನೆರಡು ಮಾಡಿದೆ, ಎಂಟು ಗುಂಡಗೆ ಬಂದವು. ಹಾಟ್‌ಪಾಟ್ ಎರಡು ತುಂಬಿದವು.

ಕಾರ್ಡು ಸಿಗುತ್ತಿಲ್ಲ. ಶಾಲೆಯ ಗುಲಾಬಿ ಬಣ್ಣದ ಕಾರ್ಡು, ಮಗುವಿನ ಫೋಟೋದ ಮೇಲೆ ಸೀಲು. ಹೋದ ವರ್ಷ ಇನ್ಯಾವುದೋ ಊರಿನಲ್ಲಿ ಯಾರೋ ಚಿಕ್ಕಪ್ಪ ಅಂತ ಹೇಳಿ ಮಗುವನ್ನು ಕರೆದೊಯ್ದಿದ್ದರಂತೆ, ಅಂದಿನಿಂದ ಅದಿಲ್ಲದೆ ಒಳಗೆ ಬಿಡುವುದಿಲ್ಲ. ಫ್ರಿಜ್ ಮೇಲಿದೆ ಅಂತ ಅಮ್ಮ ಅಂದಿದ್ದಳು. ಇಲ್ಲ. ಬೈಬಲ್ ಒಳಗೆ, ಡ್ರಾಯರಿನಲ್ಲಿ, ಕೋಟಿನ ಜೇಬಿನಲ್ಲಿ... ಇಲ್ಲ.

ಫೋನ್ ಮಾಡಿದೆ. ಗಾಳಿಯ ಸದ್ದು, ಯಾರೋ ನಗುವುದು. ಅಮ್ಮ ಕೈಚೀಲ ತಡಕಿದಳು. ಕಾರ್ಡು ಅಲ್ಲೇ ಇತ್ತು, ಒಳಗಿನ ಜಿಪ್ಪಿನಲ್ಲಿ. ಮೊಂಬಾಸಾದಲ್ಲಿ.

"ಅಯ್ಯೋ, ನನ್ನ ಹೆಸರು ಹೇಳು, ಬಿಡ್ತಾರೆ. ಎಲ್ರಿಗೂ ನನ್ನ ಪರಿಚಯ ಇದೆ" ಅಂದಳು. ಬಿಡದಿದ್ದರೆ ಫೋನ್ ಮಾಡುತ್ತೇನೆ, ತೆಗೆದುಕೊಳ್ಳಬೇಕು ಅಂದೆ. ಖಂಡಿತ ಅಂದಳು.

ಮನೆಯವರ ಗ್ರೂಪಿನಲ್ಲಿ ಈಗಾಗಲೇ ಇಪ್ಪತ್ತಾರು ಫೋಟೋ. ಕೆತ್ತನೆಯ ಬಾಗಿಲು. ಎಳನೀರು ಹಿಡಿದ ಅಪ್ಪ. ಕಡ್ಡಿಗೆ ಚುಚ್ಚಿದ ಮಾಂಸ, ಹೊಗೆ. ‘ಸ್ವರ್ಗ’ ಅಂತ ಅಪ್ಪ ಬರೆದಿದ್ದಾನೆ.

ಜೂನ್ 24, ಭಾನುವಾರ, ಬೆಳಿಗ್ಗೆ 7

ಬಸ್ಸಿನಲ್ಲಿ. ತೊಡೆಯ ಮೇಲೆ ಹಾಟ್‌ಪಾಟ್, ಬಿಸಿ. ಮೊದಲು ಅವಳಿಗೆ ನಿಜ ಹೇಳುವುದು, ಆಮೇಲೆ ಊಟ. ಇಲ್ಲ, ಮೊದಲು ಊಟ.

ಜೂನ್ 24, ಸಂಜೆ 6, ವಾಪಸ್ ಬಸ್ಸು

ಬಿಡಲಿಲ್ಲ.

ಬಸ್ಸು ಕುಲುಕುತ್ತಿದೆ, ಅಕ್ಷರ ಹೀಗೇ ಇರಲಿ.

ಗೇಟಿನಲ್ಲಿ ಮುಟೀಸ್ಯ. ನನ್ನ ಕಾಲದ ಕಾವಲುಗಾರನೇ, ಕೂದಲೆಲ್ಲ ಹಣ್ಣಾಗಿದೆ. ಕಾರ್ಡು ಅಂದ. ಎಲ್ಲ ಹೇಳಿದೆ. ಹೆಡ್‌ಮಿಸ್ಟ್ರೆಸ್ ಬಳಿ ಒಳಗೆ ಹೋಗಿ ಕೇಳಿ ಬಂದ. ತಾಯಿಯೋ ತಂದೆಯೋ ಫೋನಿನಲ್ಲಿ ಒಂದು ಮಾತು ಹೇಳಿದರೆ ಬಿಡಬಹುದಂತೆ. ಅಷ್ಟೇ ಸಾಕಂತೆ. ಒಂದು ಮಾತು.

ಹನ್ನೊಂದೂವರೆಗೆ ಮಾಡಿದೆ. ಅಮ್ಮ ತೆಗೆಯಲಿಲ್ಲ. ಹನ್ನೆರಡಕ್ಕೆ ಇಲ್ಲ. ಹನ್ನೆರಡೂವರೆಗೆ ಇಲ್ಲ. ಪಕ್ಕದಲ್ಲಿ ಕಾರುಗಳು ಒಳಗೆ ಹೋಗುತ್ತಲೇ ಇದ್ದವು. ಬಾಡಿಗೆ ಮಟಾಟು ವ್ಯಾನಿನ ತುಂಬ ಒಂದೇ ಮನೆಯ ಜನ, ಅಜ್ಜಿ ಸಮೇತ. ಹುಲ್ಲಿನ ಮೇಲೆ ಕಂಬಳಿ ಹಾಸುವುದು ಇಲ್ಲಿಂದಲೇ ಕಾಣುತ್ತಿತ್ತು, ಸಾರಿನ ವಾಸನೆ ಬರುತ್ತಿತ್ತು.

ಒಂದು ಗಂಟೆಗೆ ಅಪ್ಪನಿಗೆ ಮಾಡಿದೆ. ಎರಡು ರಿಂಗ್ ಆಗಿ ಕಟ್ ಆಯಿತು. ತಾನಾಗಿ ಆದದ್ದಲ್ಲ, ಅವನೇ ಕಟ್ ಮಾಡಿದ. ಮೆಸೇಜು ಬಂತು: ‘ಊಟ ಮಾಡ್ತಿದ್ದೀವಿ, ಆಮೇಲೆ ಮಾಡ್ತೀನಿ.’ ಅದರ ಹಿಂದೆಯೇ ಗ್ರೂಪಿಗೆ ಫೋಟೋ. ತೆಂಗಿನಹಾಲಿನಲ್ಲಿ ಸೀಗಡಿ, ಮೇಲೆ ನಿಂಬೆಹೋಳು. ಪ್ಲೇಟಿನ ಅಂಚಿನಲ್ಲಿ ಅಮ್ಮನ ಬೆರಳು, ಉಂಗುರ.

ಫೋಟೋ ತೆಗೆಯುವುದಕ್ಕೆ ಕೈ ಬಿಡುವಿತ್ತು!

ಬರೆದೆ: ಗೇಟಿನಲ್ಲಿದ್ದೇನೆ, ಬಿಡುತ್ತಿಲ್ಲ, ಈಗಲೇ ಮಾಡಿ. ನೀಲಿ ಗುರುತು ಬರಲೇ ಇಲ್ಲ.

ಆ ಮಟಾಟು ಮನೆಯ ಹೆಂಗಸು ನೋಡುತ್ತಿದ್ದಳು. ಅವಳ ಮಗಳು ಕೆರೂಬೊಳ ಡಾರ್ಮಿಟರಿಯಂತೆ. ಹಾಟ್‌ಪಾಟ್ ನಾನು ಒಳಗೆ ಕೊಡುತ್ತೇನೆ, ಹುಡುಗಿಯನ್ನು ನಮ್ಮ ಕಂಬಳಿಯಲ್ಲಿ ಕೂರಿಸಿಕೊಳ್ಳುತ್ತೇನೆ ಅಂದಳು. ಕೊಟ್ಟೆ. ಎರಡು ಗಂಟೆಗೆ ವಾಪಸ್ ತಂದಳು. ಮುಚ್ಚಳ ತೆಗೆದಿರಲಿಲ್ಲ.

"ಮುಟ್ಲಿಲ್ಲಮ್ಮ. ನಮ್ಮಮ್ಮ ಬಂದ್ಮೇಲೆ ತಿಂತೀನಿ ಅಂತಾಳೆ. ಇಬ್ರೂ ಬರ್ತಾರೆ ಅಂತ ಅಕ್ಕ ಹೇಳಿದ್ದಾಳಂತೆ."

ಗೋಡೆಗೆ ಒರಗಿ ಕೂತೆ.

ಮುಟೀಸ್ಯ ಟೀ ತಂದುಕೊಟ್ಟ. ನನ್ನ ಮುಖವನ್ನೇ ನೋಡಿ ಅಂದ: "ನೀನು ನೆನಪಿದೀಯ ಮಗಳೇ. ಈ ಗೇಟಿನ ಕಂಬದ ಆ ಕಡೆ ನಿಂತಿರ್ತಿದ್ದೆ. ನಾಲ್ಕು ಹೊಡೆಯೋವರೆಗೂ."

ನನ್ನನ್ನು ಯಾರೂ ನೋಡಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಆ ದಿನಗಳ ಬಗ್ಗೆ ಯಾರಿಗೂ ಹೇಳಿಲ್ಲ. ಈ ಡೈರಿಗೂ. ಮೂರು ಸಲ. ಮೂರು ವಿಸಿಟಿಂಗ್ ಡೇ. ಆಗ ಅಮ್ಮನಿಗೆ ಕೋರ್ಸು, ಅಪ್ಪನಿಗೆ ಟ್ರಾನ್ಸ್‌ಫರ್. ಪ್ರತಿ ಸಲವೂ ರಜೆಗೆ ಮನೆಗೆ ಹೋಗಿ ಪರವಾಗಿಲ್ಲಮ್ಮ ಅಂದವಳು ನಾನೇ. ಪರವಾಗಿತ್ತು. ಬೇಕಾದಷ್ಟು ನೋವಾಗಿತ್ತು.

ಮೂರೂವರೆಗೆ ಮುಟೀಸ್ಯ ತಾನೇ ಹೋಗಿ ಕೆರೂಬೊಳನ್ನು ಗೇಟಿನ ಸರಳಿನವರೆಗೆ ಕರೆತಂದ. ಐದು ನಿಮಿಷ, ಹೆಡ್‌ಮಿಸ್ಟ್ರೆಸ್ ಕಿಟಕಿ ಕಡೆ ನೋಡಬೇಡಿ ಅಂದ. ಜಡೆ ಹೊಸದಾಗಿ ಹೆಣೆಸಿಕೊಂಡಿದ್ದಳು. ಬಿಳೀ ಸಾಕ್ಸ್. ನಿಜ ಎಲ್ಲ ಹೇಳಿದೆ. ಮೊಂಬಾಸಾ, ಕಾರ್ಡು, ಒಂದು ಗಂಟೆಗೆ ಅಪ್ಪ ಕಟ್ ಮಾಡಿದ ಫೋನು. ನಾನು ಹೇಳಿದ ಸುಳ್ಳು.

ಅಳಲಿಲ್ಲ ಅವಳು. ಅತ್ತಿದ್ದರೆ ಚೆನ್ನಾಗಿತ್ತು.

"ಇನ್ಮೇಲೆ ಬರಲ್ಲ ಅಂತಲೇ ಹೇಳು ಅಕ್ಕ. ನಂಗೆ ಅದೇ ಸಾಕು."

ಹೋದಳು. ತಿರುಗಿ ನೋಡಲಿಲ್ಲ. ಅಮ್ಮನ ಫೋನು ಬಂದದ್ದು ನಾಲ್ಕೂ ಇಪ್ಪತ್ತಕ್ಕೆ. ತೆಗೆಯಲಿಲ್ಲ. ಗ್ರೂಪಿನಿಂದ ಹೊರಗೆ ಬಂದೆ.

ಜೂನ್ 26, ಮಂಗಳವಾರ

ಕ್ಲಾಸಿಗೆ ಹೋಗಲಿಲ್ಲ. ಮನೆಗೆ ಹೋದೆ. ವಾಕ್ಯ ಬರೆದುಕೊಂಡು ಹೋಗಿರಲಿಲ್ಲ.

ಅಪ್ಪ ಮುಂದೆ ಹಲ್ವದ ತಟ್ಟೆ ಇಟ್ಟ. ಅಮ್ಮ ಸಾರಿ ಅಂದಳು, ಗದ್ದಲದಲ್ಲಿ ಕೇಳಿಸಲಿಲ್ಲ ಅಂದಳು, ಆಮೇಲೆ ಮುಂದಿನ ಟರ್ಮಿಗೆ ಸರಿಮಾಡೋಣ ಅಂದಳು. ಅಲ್ಲಿಗೆ ಮುಗಿಯಿತು ಅಂತ ಎದ್ದು ಪಾತ್ರೆ ತೊಳೆಯಲು ಹೋದಳು. ಹಿಂದೆಯೇ ಹೋದೆ. ಕೆರೂಬೊ ಊಟ ಮುಟ್ಟಲಿಲ್ಲ ಅಂದೆ. ನಾನೂ ಅದೇ ಕಂಬದ ಹತ್ತಿರ ನಿಂತಿದ್ದೆ ಅಂದೆ. ದೊಡ್ಡ ಧ್ವನಿಯಲ್ಲಿ ಅಂದೆ. ನನ್ನ ಧ್ವನಿ ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ.

ಅಮ್ಮನಿಗೂ ರೇಗಿತು. "ನಮ್ಮಮ್ಮ ನನ್ನ ಸ್ಕೂಲಿಗೆ ಒಂದು ದಿನಾನೂ ಬಂದಿಲ್ಲ. ನಾನೇನು ಸತ್ತುಹೋದ್ನಾ?"

ನಲ್ಲಿ ನಿಲ್ಲಿಸಿದಳು. ಸಣ್ಣ ದನಿಯಲ್ಲಿ ಹೇಳಿದಳು, ಹೋದ ವರ್ಷ ನಾನು ಪರೀಕ್ಷೆ ಬರೆಯುವಾಗ ಅವಳು ಮನೆ ಬಿಟ್ಟು ಹೋಗಲು ಬ್ಯಾಗ್ ಕಟ್ಟಿಟ್ಟಿದ್ದಳಂತೆ. ಎರಡು ವಾರ ಮಂಚದ ಕೆಳಗೆ ಇತ್ತಂತೆ. ಅಪ್ಪನೂ ಅವಳೂ ಒಂದೇ ಮೇಜಿನಲ್ಲಿ ಕೂತು ಉಣ್ಣುವುದೇ ನಿಂತಿತ್ತಂತೆ. ಆಮೇಲೆ ಯಾರೋ ಹೇಳಿ ಕಂಪಾಲಾಗೆ ಹೋದರು. ಬೀದಿಯಲ್ಲಿ ನಿಂತು ಒಂದೇ ಕಾಗದದಲ್ಲಿ ಮೊಟ್ಟೆ ಚಪಾತಿ ತಿಂದರು.

"ಆ ಎರಡೆರಡು ದಿನ ಇಲ್ದಿದ್ರೆ ಈ ಮನೆ ಇರ್ತಿರ್ಲಿಲ್ಲ ಕ್ವಾಂಬೊಕಾ. ನಿಮಗೋಸ್ಕರಾನೇ ಅದು."

ನಂಬುತ್ತೇನೆ. ಬ್ಯಾಗಿನ ವಿಷಯ ನಿಜ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೇ ಇನ್ನೂ ಸಿಟ್ಟು ಬಂತು.

"ಈ ಮನೇಲಿ ಯಾರಿದ್ದಾರಮ್ಮ? ನಾನು ಹಾಸ್ಟೆಲ್ಲು. ಅವಳೂ ಹಾಸ್ಟೆಲ್ಲು. ಯಾವ ಮಕ್ಕಳನ್ನ ಬಿಟ್ಟು ಹೋಗ್ತೀರಿ ನೀವು, ಮಕ್ಕಳಿಲ್ಲದ ವೀಕೆಂಡಿಗೆ?"

ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಲ್ವದ ಚೂರಿ.

ಶನಿವಾರ ಶಾಲೆಗೆ ಹೋಗಬೇಕು, ಇಬ್ಬರೂ, ಹೆಡ್‌ಮಿಸ್ಟ್ರೆಸ್‌ಗೆ ನಾನೇ ಪತ್ರ ಬರೆದು ಅನುಮತಿ ಕೇಳುತ್ತೇನೆ ಅಂದೆ. ನೋಡೋಣ ಅಂದಳು. ನೋಡೋಣ ಅಲ್ಲ ಅಂದೆ.

ಜೂನ್ 28, ಗುರುವಾರ

ಅನುಮತಿ ಬಂತು. ಒಂದು ಗಂಟೆ, ಆಫೀಸಿನ ಪಕ್ಕದ ಕೋಣೆಯಲ್ಲಿ. ಅಮ್ಮನಿಗೆ ತಿಳಿಸಿದೆ. ‘ಸರಿ’ ಅಂತ ಒಂದೇ ಪದ.

ಕೆರೂಬೊಗೆ ಏನೂ ಹೇಳಿ ಕಳಿಸಲಿಲ್ಲ. ಕಾರು ಗೇಟು ದಾಟುವವರೆಗೆ ಹೇಳುವುದಿಲ್ಲ.

ಜೂನ್ 30, ಶನಿವಾರ, ವಾಪಸ್ ಕಾರಿನಲ್ಲಿ

ಅಪ್ಪ ಕಾರು ಓಡಿಸುತ್ತಿದ್ದಾನೆ. ಅಮ್ಮ ಕಿಟಕಿ ಕಡೆ. ಅರ್ಧ ದಾರಿಯಾಯಿತು. ಮರೆಯುವ ಮೊದಲು ಬರೆಯಬೇಕು.

ಕೆರೂಬೊ ಬಂದಳು. ಓಡಿ ಬರಲಿಲ್ಲ. ನಮಸ್ಕಾರ ಹೇಳಿ ಎದುರಿನ ಕುರ್ಚಿಯಲ್ಲಿ ಕೂತಳು, ಇಂಟರ್‌ವ್ಯೂಗೆ ಬಂದ ಹಾಗೆ. ಅಮ್ಮ ಮಟೋಕೆ ಬಡಿಸಿದಳು. ಈ ಸಲ ಅವಳೇ ಮಾಡಿದ್ದು, ಮಾಂಸ ಜಾಸ್ತಿ ಹಾಕಿ. ಕೆರೂಬೊ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮೊಂಬಾಸಾದಲ್ಲಿ ಏನು ತಿಂದೆ ಅಮ್ಮ?"

ಅಪ್ಪ ನಕ್ಕು, ನಿಮ್ಮಮ್ಮ ಬಿಟ್ಟದ್ದು ಏನು ಅಂತ ಕೇಳು ಅಂತ ಶುರುಮಾಡಿದ.

"ಅಪ್ಪ ಅಲ್ಲ. ಅಮ್ಮ ಹೇಳ್ಲಿ."

ಅಮ್ಮ ಹೇಳಿದಳು. ಶನಿವಾರ ಕಡ್ಡಿಮಾಂಸ. ಆಮೇಲೆ? ಅಂದಳು ಕೆರೂಬೊ. ಗೆಣಸಿನ ಚಿಪ್ಸು, ಹುಣಸೆಹುಳಿ. ಆಮೇಲೆ? ಬಿರಿಯಾನಿ. ಯಾವುದರದ್ದು? ಮೇಕೆಯದು. ರುಚಿ ಇತ್ತಾ? ಇತ್ತು. ಒಂದೊಂದೇ ಕೇಳಿದಳು, ಬಾಯಿಪಾಠ ಒಪ್ಪಿಸಿಕೊಳ್ಳುವ ಮೇಡಮ್ ಹಾಗೆ, ಸಿಟ್ಟಿಲ್ಲದೆ. ಅಮ್ಮ ಮೊದಲು ನಗುತ್ತ ಹೇಳುತ್ತಿದ್ದಳು. ಬರಬರುತ್ತ ದನಿ ಸಣ್ಣಗಾಯಿತು. ಭಾನುವಾರ ಬೆಳಿಗ್ಗೆ ಮಹಮ್ರಿ, ತೆಂಗಿನಹಾಲಲ್ಲಿ ಬೇಯಿಸಿದ ತೊಗರಿಕಾಳು. ಆಮೇಲೆ? ಕೋಟೆ ಹತ್ತಿರ ಸೂಪು. ಆಮೇಲೆ?

ಅಮ್ಮ ನನ್ನ ಕಡೆ ನೋಡಿದಳು. ನಾನು ಸಹಾಯ ಮಾಡಲಿಲ್ಲ. ಮಾಡಬಹುದಿತ್ತು.

"ಮಧ್ಯಾಹ್ನ ಸೀಗಡಿ" ಅಂದಳು.

"ಎಷ್ಟೊತ್ತು ತಿಂದ್ರಿ?"

ಅಪ್ಪ ಎದ್ದು ಕಿಟಕಿಗೆ ಹೋದ. ಅಮ್ಮ ಕೈಚೀಲದ ಒಳಗಿನ ಜಿಪ್ಪಿನಿಂದ ಗುಲಾಬಿ ಕಾರ್ಡು ತೆಗೆದು, ಕೆರೂಬೊ ಸರಿಸಿಟ್ಟ ತಟ್ಟೆಯ ಪಕ್ಕ ಇಟ್ಟು, "ನಾಲ್ಕು ದಾಟೋವರೆಗೂ" ಅಂದಳು.