ಹೊಸಿಲಿನ ಕೆಳಗಿನ ಮೆಟ್ಟಿಲು

20 ಜೂನ್ 2025, ಶುಕ್ರವಾರ

ಇವತ್ತೂ ಅದೇ. ನಾನು ಮಾಡಿದ ಅಕ್ಕಿರೊಟ್ಟಿ ತಿನ್ನುತ್ತಾ ಅಂಜನ್ ಮಾತಾಡಿದ್ದೆಲ್ಲ ಮೆಟ್ಟಿಲುಗಳ ಬಗ್ಗೆ. ಗಡಿಯಲ್ಲಿ ಸತ್ತ ಯೋಧರಿಗೆ ರಾಷ್ಟ್ರೀಯ ಸ್ಮಾರಕ ಕಟ್ಟುತ್ತಿದ್ದಾರೆ. ಅದರ ಮೆಟ್ಟಿಲುಗಳು ತಯಾರಾಗುವುದು ಆವತಿ ಹತ್ತಿರದ ನಮ್ಮ ಕಲ್ಲಿನ ಯಾರ್ಡ್‌ನಲ್ಲಿ! ನಮ್ಮ ಕಲ್ಲು, ನನ್ನ ಗಂಡ! ಸೋ ಪ್ರೌಡ್... ಆದರೆ ಎರಡು ಮಾತಿಗೊಮ್ಮೆ ಸಿಂಧು. ಡಿಸೈನ್ ಮಾಡಿದ ಆರ್ಕಿಟೆಕ್ಟ್.

"ಮೆಟ್ಟಿಲೆಲ್ಲ ತೀರಾ ತಗ್ಗು ಕಣೇ ಯಶು. ಓಡಿ ಹತ್ತೋಕಾಗಲ್ಲ. ಮಗನ್ನ ಕಳ್ಕೊಂಡೋರು ಹೆಂಗೆ ನಡೀತಾರೋ, ಎಲ್ರೂ ಹಂಗೇ ನಡೀಬೇಕು ಅಂತಾರೆ ಸಿಂಧು."

ಮದುವೆಯಾಗಿ ಆರು ವಾರ. ನನ್ನ ನಡಿಗೆ ಬಗ್ಗೆ ಒಂದು ಮಾತು? ಇಲ್ಲ.

23 ಜೂನ್, ಸೋಮವಾರ

ಯಾರ್ಡ್‌ಗೆ ಹೋಗಿದ್ದೆ. ಅವಳನ್ನು ನೋಡಲೆಂದೇ. ಹೊಸ ರೇಷ್ಮೆ ಸೀರೆಯಲ್ಲಿ — ಆ ಕಲ್ಲುಪುಡಿಯೊಳಗೆ! ಅವಳು ಹಳೇ ಜೀನ್ಸ್, ತಲೆತುಂಬ ಧೂಳು. ಆದರೂ ಚೆನ್ನಾಗಿ ಕಾಣುತ್ತಿದ್ದಳು. ಅದೇ ಕೋಪ.

ಮಾದರಿ ಮೆಟ್ಟಿಲುಗಳ ಮುಂದೆ ಇಬ್ಬರೂ ಮಂಡಿಯೂರಿದ್ದರು. ತಲೆಗೆ ತಲೆ ತಾಗುವಷ್ಟು ಹತ್ತಿರ.

"ಮಧ್ಯದಲ್ಲಿ ಏನೋ ಮಿಸ್ಸಿಂಗ್," ಎಂದಳು. "ಮೇಲೆ ಹೆಸರು ಕೆತ್ತಿರೋ ಗೋಡೆ. ಅಲ್ಲಿಗೆ ಹೋಗೋಕೆ ಧೈರ್ಯ ಬರದೇ ಇರೋರು ಏನ್ ಮಾಡ್ತಾರೆ?"

ಅದನ್ನೇ ಯೋಚಿಸುತ್ತಾ ನನ್ನ ಗಂಡ ಯಾಕೆ ರಾತ್ರಿ ಊಟ ಬಿಡಬೇಕು?

25 ಜೂನ್, ಬುಧವಾರ

ನಾಳೆಯಿಂದ ಆಷಾಢ. ಅತ್ತೆ ನನ್ನ ಬ್ಯಾಗ್ ತುಂಬಿಟ್ಟರು. "ಹೊಸ ಸೊಸೆ ಈ ತಿಂಗ್ಳು ಅತ್ತೆ ಜೊತೆ ಇರಬಾರ್ದು ಕಣವ್ವ. ಬೇಜಾರು ಮಾಡ್ಕೋಬೇಡ."

ಒಂದು ತಿಂಗಳು ಅನುಗೊಂಡನಹಳ್ಳಿಯ ತವರಿನಲ್ಲಿ. ಅಂಜನ್ ಅಲ್ಲಿಯ ಹೊಸಿಲು ದಾಟುವಂತಿಲ್ಲ. ಸಿಂಧುವಿಗೆ ಮಾತ್ರ ಯಾವ ಆಷಾಢವೂ ಇಲ್ಲ. ದಿನಾ ಯಾರ್ಡ್. ದಿನಾ!

6 ಜುಲೈ, ಭಾನುವಾರ

ಬಂದ! ಬಂದ! ಬಂದ!

ನಮ್ಮಜ್ಜಿ ಲಕ್ಕಮ್ಮ ಬಾಗಿಲಲ್ಲೇ ಕಾವಲು. "ಅಲ್ಲೇ ಕುಂತ್ಕೊಳಪ್ಪ ಅಳಿಮಯ್ಯ. ಒಳಕ್ಕೆ ಕಾಲಿಕ್ಕಿದ್ರೆ ನೋಡು, ರಾಗಿ ಬೀಸಕ್ಕೆ ಕೂರುಸ್ತೀನಿ."

ಹೊಸಿಲಿನ ಕೆಳಗಿನ ಅಗಲ ಮೆಟ್ಟಿಲಲ್ಲಿ ಅವನು. ಒಳಗೆ ಚಾಪೆಯ ಮೇಲೆ ನಾನು. ಕಾಫಿ ಲೋಟ ಕೊಡುವಾಗ ಬೆರಳು ಹಿಡಿದುಕೊಂಡ. ಬಿಡಲೇ ಇಲ್ಲ. ಕಾಫಿ ಚೆಲ್ಲಿತು, ಅಜ್ಜಿ ಕೆಮ್ಮಿದಳು... ಸಂಜೆಯವರೆಗೂ ಕೂತಿದ್ದ. ಸಿಂಧು ಹೆಸರೇ ಎತ್ತಲಿಲ್ಲ. ಗೆದ್ದೆ!

13 ಜುಲೈ, ಭಾನುವಾರ

ಬರಲಿಲ್ಲ. ಕೆಲಸವಂತೆ. ಸಿಂಧುವಿನ ಸ್ಟೇಟಸ್‌ನಲ್ಲಿ ಫೋಟೋ — ಕಲ್ಲಿನ ಮೇಲೆ ಇಬ್ಬರೂ, ಕೈಯಲ್ಲಿ ಟೀ. ಝೂಮ್ ಮಾಡಿ ನೋಡಿದೆ. ಮತ್ತೆ ನೋಡಿದೆ.

20 ಜುಲೈ, ಭಾನುವಾರ

ಬಂದ. ಅವಳನ್ನೂ ಕರೆದುಕೊಂಡು!

"ನೀನು ಒಳಕ್ಕೆ ಬಾರವ್ವ, ನಿನಗೇನು ಅಡ್ಡಿ," ಎಂದಳು ಅಜ್ಜಿ. ಸಿಂಧು ಬರಲಿಲ್ಲ. ಅವನು ಕೂತಿದ್ದ ಮೆಟ್ಟಿಲಲ್ಲೇ ಕೂತಳು. ಅದೇ ಜಾಗ! ಟೇಪ್ ತೆಗೆದು ಅಳೆದಳು.

"ಅಂಜನ್ ಹೇಳಿದ್ರು. ಒಳಗೆ ಹೋಗೋ ಹಾಗಿಲ್ಲ, ಬಿಟ್ಟು ಹೋಗೋಕೆ ಮನಸ್ಸಿಲ್ಲ. ಅಂಥೋರು ಕೂರೋ ಮೆಟ್ಟಿಲು. ನನಗೆ ಹೊಳೀದೇ ಇದ್ದದ್ದು ಇದೇ, ಯಶಸ್ವಿನಿ. ಮಧ್ಯದಲ್ಲಿ ಒಂದು ಮೆಟ್ಟಿಲು ಇಷ್ಟೇ ಅಗಲ ಮಾಡ್ತೀವಿ. ಯಾರ ಹೆಸರೂ ಇರಲ್ಲ. ಸುಮ್ನೆ ಕೂರೋಕೆ."

ಯಾರದೋ ತಾಯಂದಿರು, ಯಾರದೋ ಹೆಂಡತಿಯರು ಅಲ್ಲಿ ಕೂರುತ್ತಾರೆ. ಒಳ್ಳೆಯದೇ. ಆದರೂ ಹೊಟ್ಟೆ ಉರಿಯಿತು. ಅದು ನಮ್ಮದು! ನಮ್ಮ ಭಾನುವಾರ ಪೂರ್ತಿ ಅವಳ ಮುಂದೆ ಹರಡಿಬಿಟ್ಟನಾ?

"ಕಾಫಿ ಲೋಟದ ವಿಷಯಾನೂ ಹೇಳಿದ್ರಾ?" ಕೇಳಿಯೇಬಿಟ್ಟೆ.

"ಯಾವ ಲೋಟ?" ಎಂದಳು ಸಿಂಧು.

ಅಂಜನ್ ಕಿವಿ ಕೆಂಪಾಯಿತು. ತೆಂಗಿನಮರ ನೋಡತೊಡಗಿದ.

25 ಜುಲೈ, ಶುಕ್ರವಾರ

ಆಷಾಢ ಮುಗಿಯಿತು. ಕರೆದುಕೊಂಡು ಹೋಗಲು ಬರುತ್ತಿದ್ದಾನೆ. ಮೆಟ್ಟಿಲನ್ನು ದೇಶಕ್ಕೆ ಕೊಟ್ಟಿದ್ದೇನೆ. ಸಿಂಧುವಿಗಲ್ಲ, ದೇಶಕ್ಕೆ. ಲೋಟ ಕೊಟ್ಟಿಲ್ಲ.

ಬೈಕ್ ಸದ್ದು. ಇವತ್ತು ನೇರ ಒಳಗೇ ಬರಬಹುದು. ಅಜ್ಜಿ ಕೂಡ ಬಾಗಿಲು ಬಿಟ್ಟು ಎದ್ದಳು. ಆದರೆ ಅವನು ಮೆಟ್ಟಿಲ ಹತ್ತಿರ ನಿಂತ... ಕೂರುತ್ತಿದ್ದಾನೆ! ಕಾಫಿ ಇನ್ನೂ ಸೋಸಿಯೇ ಇಲ್ಲ —