ಎಂಟರಡಿಯ ಏಳು

ಜೇನ್ಸ್‌ವಿಲ್, ಒಹಾಯೊ

ನಾಣ್ಯ ಸಂಘದ ಮಾನ್ಯ ಪರೀಕ್ಷಕರಾದ ವೂರ್ಹಿಸ್ ಅವರ ಸನ್ನಿಧಿಗೆ,

ನನ್ನ ತಾತ ಲೀಲೆಂಡ್ ಕ್ರೆಬ್ಸ್ ಕಳಿಸಿದ 1888ರ ಸೆಂಟ್ ನಾಣ್ಯವು 1887ರ ಏಳರ ಮೇಲೆಯೇ ಎಂಟು ಕೊರೆದ ಆ ಅಪರೂಪದ ಅಚ್ಚಿನದಲ್ಲ. ಕೊನೆಯ ಎಂಟರಡಿ ಇಣುಕುವ ಏಳರ ಬಾಲ ನನ್ನ ಸೂಜಿಯ ಘನಕಾರ್ಯವೆಂದು ಈ ಅಪರಾಧಿ ತಲೆಬಾಗಿ ಅರಿಕೆ ಮಾಡಿಕೊಳ್ಳುತ್ತಾನೆ.

ಅಚ್ಚಿನ ಗುರುತು ಉಬ್ಬಿರುತ್ತದೆ, ಗೀರು ತಗ್ಗಿರುತ್ತದೆ. ಇದನ್ನು ನನಗೆ ಕಲಿಸಿದವನೇ ತಾತ. ತಮಾಷೆಗೆಂದು ಆ ನಾಣ್ಯವನ್ನು ಅವನ ಕೈಗಿಟ್ಟೆ. ಭೂತಗನ್ನಡಿ ಹಿಡಿದ ಕೂಡಲೇ "ಯಾರ ಹತ್ರನೋ ನಿನ್ನ ಆಟ, ಕತ್ತೆ!" ಎಂದು ಕಿವಿ ಹಿಂಡುತ್ತಾನೆಂದು ಕಾದಿದ್ದೆ. ಅವನು ಅತ್ತುಬಿಟ್ಟ. "ನಲವತ್ತು ವರ್ಷ ಹುಡುಕಿದ್ನಲ್ಲೋ ಮರಿ, ಸಿಕ್ತು ನೋಡು!" ಎಂದ. ಅವನ ಕಣ್ಣು ಅಷ್ಟು ಮಂಜಾಗಿದೆಯೆಂದು ನನಗೆ ಗೊತ್ತಾದದ್ದೇ ಆಗ.

ಈಗ ಹಾಸಿಗೆ ಹಿಡಿದಿದ್ದಾನೆ. ಇನ್ನು ಕೆಲವೇ ವಾರ ಎಂದಿದ್ದಾರೆ ಡಾಕ್ಟರು. ದಿನವೂ "ಸಂಘದ ಕಾಗದ ಬಂತೇನೋ?" ಎಂದು ಕೇಳುತ್ತಾನೆ.

ತಾವು ಸುಳ್ಳು ಬರೆಯುವುದು ಬೇಡ. ನಕಲಿಯೆಂದೇ ಬರೆಯಿರಿ, ನನ್ನನ್ನು ಬೈದೇ ಬರೆಯಿರಿ. ಅವನಿಗೆ ಓದಿ ಹೇಳುವವನು ನಾನೇ. ಆದರೆ ದಯವಿಟ್ಟು ಎರಡು ಹಾಳೆಯಾದರೂ ತುಂಬಿಸಿ. ಅವನು ಹಾಳೆಗಳನ್ನು ಬೆರಳಲ್ಲಿ ಎಣಿಸಿ ನೋಡುತ್ತಾನೆ. ಈ ನಲವತ್ತು ವರ್ಷ ತಮ್ಮ ಸಂಘದಿಂದ ಅವನಿಗೆ ಬಂದದ್ದೆಲ್ಲ 'ಇದು ಅದಲ್ಲ' ಎನ್ನುವ ಒಂದೇ ಹಾಳೆಯ ಕಾಗದಗಳು.

ಶಿಕ್ಷೆಗೆ ಸಿದ್ಧನಾಗಿರುವ,
ಥಿಯೊ ಕ್ರೆಬ್ಸ್